ಗ್ರೀಕಿನ ‘ಆರ್ಖೊಮಾಯ್’ ಬೆನ್ನು ಹತ್ತಿ

ನಮ್ಮ ಸಭೆಯ ಬೈಬಲ್ ಅಧ್ಯಯನಕ್ಕೆ, ಗಲಾತ್ಯದ ಸಭೆಗಳಿಗೆ ಪೌಲ ಬರೆದ ಗಲಾತ್ಯ ಪತ್ರಿಕೆ ತಯಾರಿ ಮಾಡುವಾಗ ಮೂರನೇ ಅಧ್ಯಾಯದ ಮೂರನೇ ವಚನದಲ್ಲಿ ನಿಂತುಬಿಟ್ಟೆ. ಆತ್ಮನಿಂದ ಆರಂಭಿಸಿದವರು ಈಗ ಶರೀರದಿಂದ ಮುಗಿಸಲು ಹೊರಟಿರಾ ಎಂದು ಪೌಲ ಕೇಳುವ ಜಾಗ ಅದು. ಅಲ್ಲಿರುವ ಕ್ರಿಯಾಪದ ‘ಎನಾರ್ಖೊಮಾಯ್’. ಅದರ ಮೂಲ ‘ಆರ್ಖೊಮಾಯ್’, ಅಂದರೆ ಆರಂಭಿಸು. ಅರ್ಥ ನಿಘಂಟಿನಲ್ಲಿ ಒಂದೇ ಸಾಲು. ಹಾಗಾಗಿ ನಿಘಂಟು ಮುಚ್ಚಿ, ಹೊಸ ಒಡಂಬಡಿಕೆಯಲ್ಲಿ ಈ ಪದಗಳು ಬರುವ ವಚನಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಪ್ರತಿಯೊಂದರ ಎದುರಿಗೆ ಅದರ ಜೊತೆಗೆ ಯಾವ ಪದ ಬಂದಿದೆ ಎಂದಷ್ಟೇ ಬರೆದುಕೊಂಡೆ.

ಬೈಬಲಿನ ಮೂಲಭಾಷೆಯ ಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟು ಪಟ್ಟಿಮಾಡುವ ಸ್ಟ್ರಾಂಗ್ ಪದಸೂಚಿ 756 ಮತ್ತು 757 ಎಂದು ಎರಡು ಸಂಖ್ಯೆ ಕೊಡುವುದರಿಂದ ‘ಆರ್ಖೊಮಾಯ್’, ‘ಆರ್ಖೊ’ ಬೇರೆಬೇರೆ ಪದಗಳೆಂದು ಹಲವರು ತಿಳಿಯುತ್ತಾರೆ. ಎರಡೂ ಒಂದೇ ಧಾತು. ಕರ್ತರಿ ರೂಪದಲ್ಲಿ ‘ಆಳು’ ಎಂಬ ಅರ್ಥ ಬರುವುದು ಮಾರ್ಕ 10:42 ಮತ್ತು ರೋಮಾ 15:12ರಲ್ಲಿ ಮಾತ್ರ. ಉಳಿದೆಡೆಯೆಲ್ಲ ‘ಆರಂಭಿಸು’.

ಸುವಾರ್ತೆ ಬರೆದ ಮಾರ್ಕನಿಗೆ ಈ ಪದದ ಮೇಲೆ ಬಲು ಮೋಹ. 25ಕ್ಕೂ ಹೆಚ್ಚು ಸಲ ಬಳಸುತ್ತಾನೆ. ಅವನ ಪಕ್ಕದಲ್ಲಿ ಮತ್ತಾಯನನ್ನು ಇಟ್ಟು ಓದಿದೆ. ಹಂದಿಗಳ ಹಿಂಡು ಕೆರೆಗೆ ಬಿದ್ದ ಮೇಲೆ ಊರಿನವರು ಹೊರಟುಹೋಗೆಂದು ಯೇಸುವನ್ನು ‘ಬೇಡಿಕೊಳ್ಳತೊಡಗಿದರು’ ಎನ್ನುತ್ತಾನೆ ಮಾರ್ಕ (5:17). ಮತ್ತಾಯನಲ್ಲಿ ಬರೀ ‘ಬೇಡಿಕೊಂಡರು’ (8:34). ಯೇಸು ಹನ್ನೆರಡು ಮಂದಿ ಶಿಷ್ಯರನ್ನು ಕಳಿಸುವಲ್ಲಿಯೂ ಹಾಗೇ (ಮಾರ್ಕ 6:7, ಮತ್ತಾಯ 10:5). ಇಂಥ ಕಡೆ ‘ಆರಂಭ’ದ ಮೇಲೆ ಪ್ರಸಂಗ ಕಟ್ಟುವುದು ನನಗೆ ಸರಿಕಾಣುವುದಿಲ್ಲ. ಅದು ಕಥೆ ಹೇಳುವವನ ಲಯ. ನಮ್ಮ ‘ತೊಡಗು’ ಅದಕ್ಕೆ ಸಾಕು. ಪೇತ್ರ ನೀರಿನಲ್ಲಿ ಮುಳುಗತೊಡಗಿದ್ದು (ಮತ್ತಾಯ 14:30) ಬೇರೆ ಮಾತು. ಅಲ್ಲಿ ಇನ್ನೂ ಮುಳುಗಿಲ್ಲ ಎನ್ನುವುದೇ ಮುಖ್ಯ.

ಯೋಹಾನ 13:5ರಲ್ಲಿ ಯೇಸು ಶಿಷ್ಯರ ಕಾಲು ತೊಳೆಯತೊಡಗಿದ ಎಂದಿದೆ. ಮರುವಚನದಲ್ಲೇ ಪೇತ್ರ ಅಡ್ಡ ಬರುತ್ತಾನೆ, ಆದ್ದರಿಂದ ಅಲ್ಲಿಯೂ ಪದಕ್ಕೆ ಕೆಲಸವಿದೆ.

‘ಎನಾರ್ಖೊಮಾಯ್’ ಬರುವುದು ಎರಡೇ ಕಡೆ: ಗಲಾತ್ಯ 3:3, ಫಿಲಿಪ್ಪಿ 1:6. ಎರಡರಲ್ಲೂ ಜೊತೆಗಿರುವ ಪದ ‘ಎಪಿತೆಲೆಯೊ’, ಪೂರೈಸು. ‘ಎನಾರ್ಖೊಮಾಯ್’ ಮುಂದೆ ‘ಪ್ರೊ’ ಸೇರಿದ ರೂಪ, ಮೊದಲೇ ಆರಂಭಿಸು, 2 ಕೊರಿಂಥ 8ರಲ್ಲಿದೆ. ಅಲ್ಲಿಯೂ ಬೆನ್ನಿಗೇ ಅದೇ ‘ಪೂರೈಸು’. ಅಲ್ಲಿನ ವಿಷಯ ಯೆರೂಸಲೇಮಿನ ಬಡವರಿಗಾಗಿ ಎತ್ತುತ್ತಿದ್ದ ಚಂದಾ! ಒಂದು ವರ್ಷದ ಹಿಂದೆ ಶುರುಮಾಡಿದಿರಿ, ಈಗ ಮುಗಿಸಿ ಎನ್ನುತ್ತಾನೆ ಪೌಲ. ದೇವರು ಮನುಷ್ಯನಲ್ಲಿ ನಡೆಸುವ ಕೆಲಸಕ್ಕೂ ಹಣ ಒಟ್ಟುಗೂಡಿಸುವುದಕ್ಕೂ ಒಂದೇ ಜೋಡಿ ಪದ.

ಹಳೆಯ ಗ್ರೀಕರು ಬಲಿ ಆರಂಭಿಸುವುದಕ್ಕೆ ‘ಎನಾರ್ಖೊಮಾಯ್’ ಬಳಸುತ್ತಿದ್ದರು, ಪೌಲನ ಮನಸ್ಸಿನಲ್ಲೂ ಬಲಿಪೀಠವಿತ್ತು ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ನನಗೆ ಒಪ್ಪಿಗೆಯಾಗಲಿಲ್ಲ. ಪೌಲ ಬಲ್ಲ ಗ್ರೀಕ್ ಹಳೆ ಒಡಂಬಡಿಕೆಯಲ್ಲಿ, ಧರ್ಮೋಪದೇಶಕಾಂಡ 2:24ರಲ್ಲಿ, ಅಮೋರಿಯರ ಅರಸ ಸೀಹೋನನ ನಾಡನ್ನು ಸ್ವಾಧೀನಮಾಡಿಕೊಳ್ಳಲು ಆರಂಭಿಸು ಎನ್ನುವುದಕ್ಕೂ ಇದೇ ಪದ. ಅಲ್ಲಿರುವುದು ಯುದ್ಧ, ಬಲಿಯಲ್ಲ.

ಅಧ್ಯಯನದ ದಿನ ಮೊದಲು ಚಂದಾದ ವಚನ ಓದಿಸಿ, ಆಮೇಲೆ ಫಿಲಿಪ್ಪಿ, ಕಡೆಗೆ ಗಲಾತ್ಯಕ್ಕೆ ಬಂದೆ. ಫಿಲಿಪ್ಪಿಯಲ್ಲಿ ಆರಂಭಿಸುವವನೂ ಪೂರೈಸುವವನೂ ದೇವರೇ. ಗಲಾತ್ಯದಲ್ಲಿ ಆ ಎರಡರ ನಡುವೆ ಸಾಧನ ಬದಲಾಗಿದೆ: ಆರಂಭ ಆತ್ಮನಿಂದ, ಮುಕ್ತಾಯ ಶರೀರದಿಂದ. ಅಲ್ಲಿನ ‘ಪೂರೈಸು’ ರೂಪವನ್ನು ‘ಪೂರೈಸಿಕೊಳ್ಳುತ್ತೀರಾ’ ಎಂದೂ ‘ಪೂರ್ಣಗೊಳಿಸಲ್ಪಡುತ್ತೀರಾ’ ಎಂದೂ ಓದಬಹುದು, ಗ್ರೀಕಿನಲ್ಲಿ ಎರಡಕ್ಕೂ ಒಂದೇ ರೂಪ. ನಾನು ‘ಕೊಳ್ಳು’ ಸೇರಿಸಿಯೇ ಹೇಳಿದೆ. ಶರೀರದ ಗುರುತಾದ ಸುನ್ನತಿಗೆ ಮುಂದಾಗುತ್ತಿದ್ದವರು ಗಲಾತ್ಯದವರೇ ತಾನೆ.