ಅಮಾಸಿ ಬುತ್ತಿ: ನಮ್ಮ ಊರಿನ ಕೂಟಕ್ಕೆ ಜನ ಬಂದದ್ದು ಹೀಗೆ

ಶಾಂತಿ, ನ್ಯಾಯ ಅಂತ ಊರಲ್ಲಿ ಬಳಗ ಕಟ್ಟಿಕೊಂಡವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕರಪತ್ರದ ಮೇಲೆ 'ಶಾಂತಿ ಸಭೆ' ಅಂತ ಮಾತ್ರ ಅಚ್ಚು ಹಾಕಿಸಬೇಡಿ. ನಾವು ಹಾಕಿಸಿದ್ದೆವು, 2018ರ ಆಗಸ್ಟ್‌ನಲ್ಲಿ. ಆ ವರ್ಷ ಗಣೇಶ ಚೌತಿ ಸೆಪ್ಟೆಂಬರ್ 13ಕ್ಕೆ, ಮೊಹರಂ ಕಡೇ ದಿನ 21ಕ್ಕೆ ಬಿದ್ದಿತ್ತು. ಅದಕ್ಕೂ ಮೊದಲು ಓಣಿಯ ಜನರನ್ನು ಒಂದು ಕಡೆ ಕೂಡಿಸೋಣ ಅಂತ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ನಾವು ಏಳೆಂಟು ಮಂದಿ ಹೊರಟಿದ್ದೆವು. ಕರಪತ್ರ ಹಂಚಿದ ಮರುದಿನ ನನ್ನ ಝೆರಾಕ್ಸ್ ಅಂಗಡಿಗೆ ಮುದುಕರೊಬ್ಬರು ಬಂದರು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು: "ಜಗಳ ಎಲ್ಲಿ ಆಗ್ಯಾದ್ರಿ?"

ನಮ್ಮ ಕಡೆ ಶಾಂತಿ ಸಭೆ ಅಂದರೆ ಹಬ್ಬಕ್ಕೆ ಮುಂಚೆ ಪೊಲೀಸ್ ಠಾಣೆಯಲ್ಲಿ ನಡೆಯುವುದು. ಎರಡೂ ಕಡೆಯ ಮುಖಂಡರನ್ನು ಕರೆದು, ಚಹಾ ಕೊಟ್ಟು, ಮೆರವಣಿಗೆ ಎಲ್ಲಿಂದ ಎಲ್ಲಿಗೆ, ಡಿಜೆ ಎಷ್ಟು ಗಂಟೆವರೆಗೆ ಅಂತ ಹೇಳಿ ಕಳಿಸುವುದು. ಆ ಹೆಸರು ಕೇಳಿದರೆ ಸಾಮಾನ್ಯ ಜನ ಆ ದಾರಿಗೇ ಬರುವುದಿಲ್ಲ. ನಮಗೆ ಅದು ಹೊಳೆದಿರಲಿಲ್ಲ.

ಆ ಮೊದಲ ಕಾರ್ಯಕ್ರಮದ ಲೆಕ್ಕ ಹೇಳಲೇಬೇಕು. ಹಾಲ್ ಬಾಡಿಗೆ ಐದು ಸಾವಿರ. ಮೈಕ್ ಸೆಟ್, ಕುರ್ಚಿ, ಫ್ಲೆಕ್ಸ್, ಹಾರ, ಶಾಲು, ಅತಿಥಿಗಳಿಗೆ ಕಾರು. ಎಲ್ಲಾ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಅತಿಥಿಗಳು ಬಂದದ್ದು ಎರಡು ತಾಸು ತಡವಾಗಿ. ಕುರ್ಚಿ ನೂರೈವತ್ತು ಹಾಕಿಸಿದ್ದೆವು. ಕೂತವರು ಹತ್ತೊಂಬತ್ತು. ಅದರಲ್ಲಿ ನಾವೇ ಎಂಟು, ಮೈಕಿನವನು ಒಬ್ಬ. ಸೌಹಾರ್ದದ ಬಗ್ಗೆ ಒಂದೂಕಾಲು ತಾಸು ಭಾಷಣ ಆಯಿತು. ಕೇಳಿದ ಹತ್ತೊಂಬತ್ತು ಮಂದಿಗೂ ಅದು ಮೊದಲೇ ಗೊತ್ತಿತ್ತು.

ಎರಡನೇ ಸಲ ಬೀದಿ ನಾಟಕ. ಜನ ಬಂದರು, ಇನ್ನೂರು ಮುನ್ನೂರು ಇರಬಹುದು. ನಾಟಕ ಮುಗಿಯಿತು, ಹೋದರು. ಮೂರನೇ ಸಲ ಸಹಭೋಜನ. ಅಡುಗೆಯವರನ್ನು ಕರೆಸಿ ಮಾಡಿಸಿದೆವು. ಅಡುಗೆ ಯಾರು ಮಾಡಿದರು, ಬಡಿಸುವವರು ಯಾರು ಅನ್ನುವುದನ್ನು ಜನ ವಿಚಾರಿಸಿಕೊಂಡೇ ಬಂದರು. ಕೆಲವರು ಬಂದು, ಮಾತಾಡಿ, "ಹೊಟ್ಟಿ ತುಂಬ್ಯಾದ್ರಿ" ಅಂತ ಎದ್ದು ಹೋದರು. ಅರ್ಧ ಅನ್ನ ಉಳಿಯಿತು. ಇದಕ್ಕೆಲ್ಲ ಮಾಡಿದ ಸಾಲ ತೀರಿಸಲು ನಾನು ಎಷ್ಟು ಪುಟ ಝೆರಾಕ್ಸ್ ತೆಗೆದಿರಬೇಕು ಅಂತ ಒಮ್ಮೆ ಲೆಕ್ಕ ಹಾಕಿ ಅರ್ಧಕ್ಕೇ ಬಿಟ್ಟೆ.

ಕೊರೋನಾ ಬಂತು, ಎರಡು ವರ್ಷ ಎಲ್ಲಾ ನಿಂತಿತು. ನನ್ನ ಅಂಗಡಿ ಮಾತ್ರ ನಡೆಯುತ್ತಿತ್ತು, ಆಗೊಮ್ಮೆ ಈಗೊಮ್ಮೆ. ಅಲ್ಲೇ ನನಗೆ ದಾರಿ ಕಂಡದ್ದು. ಆಧಾರ್ ಕಾರ್ಡ್ ಪ್ರತಿ ತೆಗೆಸಲು ಬಂದ ಹೆಂಗಸರು ಕಟ್ಟೆಯ ಮೇಲೆ ಕೂರುತ್ತಿದ್ದರು. ಕರೆಂಟ್ ಹೋದರೆ ಒಂದು ತಾಸು ಕಾಯಬೇಕು. ಯಾವ ಓಣಿಯವರು, ಯಾವ ಜಾತಿಯವರು, ಬುರ್ಖಾ ಹಾಕಿದವರು, ಸೆರಗು ಹೊದ್ದವರು, ಎಲ್ಲಾ ಒಂದೇ ಕಟ್ಟೆ. ಮಗಳ ಹೆರಿಗೆ, ಪಿಂಚಣಿ, ಸೊಸೆ, ಮೊಣಕಾಲು ನೋವು, ಏನಾದರೂ ಮಾತಾಡಿಕೊಂಡು ಕೂರುತ್ತಿದ್ದರು. ಹದಿನಾಲ್ಕು ಸಾವಿರ ಖರ್ಚು ಮಾಡಿ ನಾವು ಕೂಡಿಸಲಾಗದವರನ್ನು ಕರೆಂಟಿಲ್ಲದ ನನ್ನ ಮಷೀನು ಕೂಡಿಸುತ್ತಿತ್ತು.

2022ರಲ್ಲಿ ಬಳಗದವರ ಮುಂದೆ ಇದನ್ನೇ ಇಟ್ಟೆ. ಭಾಷಣ ಬೇಡ. ಅರ್ಜಿ ಬರೆದು ಕೊಡೋಣ. ಕಾಯುವಾಗ ಅವರೇ ಮಾತಾಡುತ್ತಾರೆ. ನಮ್ಮ ವಕೀಲ ಮಿತ್ರರು ನಕ್ಕರು. "ಶಾಂತಿ ಬಳಗನ ಏಜೆಂಟರ ಅಂಗಡಿ ಮಾಡ್ತೀಯಾ?" ಅಂದರು. ಇನ್ನೊಬ್ಬರು, ನಿವೃತ್ತ ಮೇಷ್ಟ್ರು, ಇದರಿಂದ ನಿನ್ನ ಅಂಗಡಿಗೆ ಗಿರಾಕಿ ಆಗುತ್ತಾರೆ ಅಷ್ಟೇ ಅಂದರು. ಆ ಮಾತು ಚುಚ್ಚಿತು. ಅದಕ್ಕೇ ಅವತ್ತಿನಿಂದ ಕೂಟದ ದಿನ ಝೆರಾಕ್ಸ್ ಪುಕ್ಕಟೆ.

ದಿನ ಯಾವುದು ಅನ್ನುವುದರಲ್ಲೇ ಐದು ತಿಂಗಳು ಹೋಯಿತು. ಭಾನುವಾರ ಇಟ್ಟರೆ ಮದುವೆ, ಮುಂಜಿ, ಚರ್ಚು. ಕಚೇರಿಗೂ ರಜೆ. ಶುಕ್ರವಾರ ಮಧ್ಯಾಹ್ನ ನಮಾಜು. ಸಂತೆ ದಿನ ಯಾರಿಗೂ ಪುರುಸೊತ್ತಿಲ್ಲ. ಸಂಜೆ ಇಟ್ಟರೆ ಕೂಲಿಯಿಂದ ಬಂದ ಹೆಂಗಸರು ಒಲೆ ಮುಂದೆ. ಕೊನೆಗೆ ನನ್ನ ಹೆಂಡತಿ ಹೇಳಿದಳು, "ಅಮಾಸಿಗೆ ಇಡ್ರಿ." ಹೌದಲ್ವಾ! ಅಮಾವಾಸ್ಯೆ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಹೊಲದ ಕೂಲಿಗೆ ಹೋಗುವವರು ಕಡಿಮೆ. ಆದರೆ ಕಚೇರಿ ಸಾಮಾನ್ಯವಾಗಿ ತೆರೆದಿರುತ್ತದೆ. ಬೆಳಿಗ್ಗೆ ಬರೆದ ಅರ್ಜಿ ಮಧ್ಯಾಹ್ನವೇ ತಹಶೀಲ್ ಕಚೇರಿಗೆ ಕೊಡಬಹುದು.

ಇದಕ್ಕೂ ಎರಡು ಕಡೆಯಿಂದ ತಕರಾರು. ಒಬ್ಬರಿಗೆ, ಅಮಾವಾಸ್ಯೆ ದಿನ ಒಳ್ಳೆಯ ಕೆಲಸ ಶುರು ಮಾಡುತ್ತಾರಾ ಅಂತ. ವಕೀಲರಿಗೆ, ಜಾತಿ ಧರ್ಮ ಮೀರಿದ ಬಳಗ ಪಂಚಾಂಗ ನೋಡಿ ಕೂಟ ಇಡುವುದಾ ಅಂತ. ಬಗೆಹರಿಸಿದ್ದು ನಮ್ಮ ಬಳಗದ ದರ್ಜಿ ಚಾಚಾ. "ಅಮಾಸಿ ಮುಗಿದ ಮ್ಯಾಲೇ ನಮ್ಮ ಚಾಂದ್ ಕಾಣೋದು. ಅಮಾಸಿ ಇಬ್ಬರಿಗೂ ಬೇಕು" ಅಂದರು. ಅಲ್ಲಿಗೆ ಮುಗಿಯಿತು. ಕರಪತ್ರದ ಖರ್ಚೂ ಉಳಿಯಿತು. ತಾರೀಖು ಹೇಳುವುದೇ ಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಹೆಸರು ಜನರೇ ಇಟ್ಟರು, ಅಮಾಸಿ ಬುತ್ತಿ ಅಂತ.

ಎಳ್ಳ ಅಮಾವಾಸ್ಯೆ ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಹುಟ್ಟಿ ಬೆಳೆದದ್ದು ಪೇಟೆಯಲ್ಲಿ ನೋಡಿ. ಆ ದಿನ ಊರಿಗೆ ಊರೇ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಹಾಕಲು, ಹೊಲಕ್ಕೆ ಹೋಗಿತ್ತು. ನಾನು ಎರಡು ಕೆಟಲ್ ಚಹಾ ಇಟ್ಟುಕೊಂಡು ಒಬ್ಬನೇ ಕೂತಿದ್ದೆ. ಮುಂದಿನ ವರ್ಷದಿಂದ ಆ ತಿಂಗಳ ಬುತ್ತಿ ಯಾರಾದರೊಬ್ಬರ ಹೊಲದಲ್ಲಿ. ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಅವತ್ತು ಅರ್ಜಿ ಇಲ್ಲ.

ಜಾಗದ ವಿಷಯ ಜಾಸ್ತಿ ಹೇಳುವುದಿಲ್ಲ, ನಿಮಗೂ ಗೊತ್ತಿರುವ ತೊಂದರೆಯೇ. ಗುಡಿ ಆವರಣಕ್ಕೆ ಕೆಲವರು ಬರುವುದಿಲ್ಲ, ದರ್ಗಾ ಅಂಗಳಕ್ಕೆ ಕೆಲವರು, ಶಾಲೆಗೆ ಅನುಮತಿ ಬೇಕು. ನಮಗೆ ಸಿಕ್ಕದ್ದು ಹತ್ತಿ ವ್ಯಾಪಾರಿಯೊಬ್ಬರ ತಗಡಿನ ಗೋದಾಮು. ಹಂಗಾಮು ಮುಗಿದರೆ ಖಾಲಿ. ಹಂಗಾಮಿನಲ್ಲಿ ಹತ್ತಿ ತುಂಬಿದ ಅಂಡಿಗೆಗೆ ಬೆನ್ನು ಕೊಟ್ಟು ಕೂರುತ್ತೇವೆ, ಅದೇ ಸುಖ. ಕುರ್ಚಿ ಇಲ್ಲವೇ ಇಲ್ಲ. ಕುರ್ಚಿ ಇದ್ದರೆ ಕೆಲವರು ಅದರ ಮೇಲೆ ಕೂರುತ್ತಾರೆ, ಕೆಲವರು ಕರೆದರೂ ಕೆಳಗೇ ಕೂರುತ್ತಾರೆ. ಎಲ್ಲರಿಗೂ ತಾಡಪತ್ರಿ. ಮೊಣಕಾಲು ನೋವಿನವರಿಗೆ ಅಂತ ನಾಲ್ಕು ಸ್ಟೂಲು. ಗೌಡರ ಮೊಣಕಾಲಾದರೂ ಅಷ್ಟೇ, ಯಾರದ್ದಾದರೂ ಅಷ್ಟೇ.

ಇನ್ನು ಅಸಲಿ ವಿಷಯ, ಚೀಟಿ. ಬಂದವರಿಗೆ ನಂಬರ್ ಚೀಟಿ ಕೊಡುತ್ತೇವೆ. ತಾಡಪತ್ರಿಯ ಮೇಲೆ ಸುಣ್ಣದಲ್ಲಿ ನಂಬರು ಬರೆದಿರುತ್ತೇವೆ, ಅದೇ ಜಾಗದಲ್ಲಿ ಕೂರಬೇಕು. ಬಂದ ಸಾಲಿನಲ್ಲೇ ಕೊಟ್ಟರೆ ಒಂದು ಓಣಿಯವರು ಒಟ್ಟಿಗೇ ಬರುತ್ತಾರೆ, ಒಟ್ಟಿಗೇ ಕೂರುತ್ತಾರೆ. ಹಾಗೆ ಆಗದಂತೆ ಚೀಟಿ ಹೇಗೆ ಹಂಚುತ್ತೇನೆ ಅನ್ನುವುದು ನನ್ನ ಗುಟ್ಟು. ಇದುವರೆಗೆ ಒಬ್ಬರೂ ಜಗಳ ತೆಗೆದಿಲ್ಲ ಅನ್ನುವುದಷ್ಟೇ ಹೇಳುತ್ತೇನೆ. ಮೇಷ್ಟ್ರು ಆರು ತಿಂಗಳು ನನ್ನ ಪಕ್ಕದಲ್ಲೇ ಕೂತು ನೋಡಿದರು, ಅವರಿಗೂ ಹಿಡಿಯಲು ಆಗಲಿಲ್ಲ.

ಬುತ್ತಿಯದು ಇನ್ನೊಂದು. ಮನೆಯಿಂದ ಎರಡು ಕಡಕ್ ರೊಟ್ಟಿ ತರಬೇಕು, ಬಂದ ಕೂಡಲೇ ಒಂದೇ ದೊಡ್ಡ ಬುಟ್ಟಿಗೆ ಹಾಕಬೇಕು. ನೂರು ರೊಟ್ಟಿ ಕೂಡಿದ ಮೇಲೆ ಯಾರ ಕೈಯದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರು. ಮೊದಲ ಮೂರು ತಿಂಗಳು ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಾಗೇ ಉಳಿಯುತ್ತಿತ್ತು. ನಾಲ್ಕನೇ ತಿಂಗಳು ಊರಿನ ಹಿರಿಯರೊಬ್ಬರು ಕೈ ಹಾಕಿದರು, ಆಮೇಲೆ ಉಳಿಯಲಿಲ್ಲ. ಅವರು ಹೇಗೆ ಕೈ ಹಾಕಿದರು ಅನ್ನುವುದನ್ನು ಬರೆಯುವುದಿಲ್ಲ, ಅವರಿಗೆ ಮಾತು ಕೊಟ್ಟಿದ್ದೇನೆ.

ಅರ್ಜಿ ಕೆಲಸ ನಿಮಗೆ ಗೊತ್ತಿದ್ದದ್ದೇ. ವಿಧವಾ ವೇತನ, ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿ, ಪಡಿತರ ಚೀಟಿ, ಉದ್ಯೋಗ ಖಾತ್ರಿ ಕೂಲಿ ಬಾಕಿ. 2023ರಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಶುರುವಾದ ಮೇಲೆ ಸಾಲು ಬೆಳೆಯಿತು. ಆಧಾರ್‌ನಲ್ಲಿ ಒಂದು ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಶರಣಮ್ಮ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ತರಹ ಬರೆಯಬಹುದು ಅಂತ ನನ್ನನ್ನು ಕೇಳಿ. ಮಾಹಿತಿ ಹಕ್ಕಿನಲ್ಲಿ ನಾನೇ ಪೆಟ್ಟು ತಿಂದೆ. ಮೊದಲ ಅರ್ಜಿಯಲ್ಲಿ ಉತ್ಸಾಹಕ್ಕೆ ಮೂರು ವಿಷಯ ತುಂಬಿಸಿ ಎರಡು ಪುಟ ಬರೆದಿದ್ದೆ. ವಾಪಸ್ ಬಂತು. ನಮ್ಮ ರಾಜ್ಯದ ನಿಯಮದಲ್ಲಿ ಒಂದೇ ವಿಷಯ, 150 ಪದ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹೋದದ್ದಕ್ಕಿಂತ ಮೇಷ್ಟ್ರ ಎದುರು ಮರ್ಯಾದೆ ಹೋದದ್ದು ಜಾಸ್ತಿ. ಹೆಂಗಸರ ಪ್ರಕರಣ ಬಂದರೆ ಸೀದಾ ತಾಲೂಕು ಕಾನೂನು ಸೇವಾ ಸಮಿತಿಗೆ. ಅವರಿಗೆ ಆದಾಯ ಎಷ್ಟಿದ್ದರೂ ವಕೀಲರು ಪುಕ್ಕಟೆ. ಇದನ್ನು ಜನಕ್ಕೆ ನಂಬಿಸುವುದೇ ಕಷ್ಟ. "ಪುಕ್ಕಟೆ ವಕೀಲ ಅಂದ್ರ ಸೋಲೋ ವಕೀಲ" ಅಂತ ಒಬ್ಬ ತಾಯಿ ನಮ್ಮ ವಕೀಲರ ಮುಖಕ್ಕೇ ಹೇಳಿದ್ದರು. ಏಜೆಂಟರ ಅಂಗಡಿ ಅಂದಿದ್ದ ಅದೇ ವಕೀಲರು ಈಗ ತಪ್ಪದೆ ಬರುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕಚೇರಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತದೆ. ತಗಡಿನ ಕೆಳಗೆ ಹನ್ನೊಂದರ ಮೇಲೆ ಮನುಷ್ಯ ಕೂರಲಾರ. ಹಾಗಾಗಿ ಆ ಎರಡು ತಿಂಗಳು ಬುತ್ತಿ ಏಳು ಗಂಟೆಗೆ.

ನಡುವೆ ಬೇರೆ ಬೇರೆ ಆಟವನ್ನೂ ಆಡಿದೆವು. ವಾಟ್ಸ್‌ಆ್ಯಪ್ ಗುಂಪು ಒಂಬತ್ತೇ ದಿನ ಬದುಕಿತು. ಶುಭೋದಯದಿಂದ ಶುರುವಾಗಿ ಎಲ್ಲಿಗೆ ಮುಟ್ಟಿತು ಅಂತ ಹೇಳಬೇಕಾಗಿಲ್ಲ. ಎರಡು ಕ್ರೂಸರ್ ಗಾಡಿ ಮಾಡಿಕೊಂಡು ತಿಂಥಣಿ ಮೌನೇಶ್ವರನ ಹತ್ತಿರ ಹೋಗಿ ಬಂದೆವು. ಎರಡೂ ಧರ್ಮದವರು ನಡೆದುಕೊಳ್ಳುವ ಜಾಗ, ಕೃಷ್ಣೆಯ ದಂಡೆ. ಖರ್ಚು ಏಳು ಸಾವಿರ ಆಯಿತು, ಆದರೆ ಅವತ್ತು ವಾಪಸ್ ಬರುವಾಗ ಗಾಡಿಯಲ್ಲಿ ಹೆಂಗಸರು ಹಾಡಿದ ಅಲಾಯಿ ಪದ, ಮೊಹರಂ ಹಾಡು, ಇವತ್ತಿಗೂ ಕಿವಿಯಲ್ಲಿದೆ.

ಒಂದು ಪ್ರಯೋಗ ಮಾಡಬಾರದಿತ್ತು. ಸೆಪ್ಟೆಂಬರ್ 17, ಅಂದರೆ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ದಿನ, ಹತ್ತಿರ ಬಂದಿತ್ತು. 1948 ಕಂಡ ಹಿರಿಯರಿಂದ ಅವತ್ತಿನ ಕತೆ ಹೇಳಿಸೋಣ ಅಂತ ಇಬ್ಬರನ್ನು ಕೂಡಿಸಿದೆ. ಇಬ್ಬರೂ ಆಗ ಹತ್ತು ಹನ್ನೆರಡು ವರ್ಷದ ಹುಡುಗರು. ಒಬ್ಬರು ನಿಜಾಮರ ಪರ ಹತಾರ ಹಿಡಿದಿದ್ದ ರಜಾಕಾರರಿಗೆ ಹೆದರಿ ರಾತ್ರೋರಾತ್ರಿ ಊರು ಬಿಟ್ಟದ್ದು ಹೇಳಿದರು. ಇನ್ನೊಬ್ಬರು ಪೊಲೀಸ್ ಆ್ಯಕ್ಷನ್ ಆಗಿ ಭಾರತದ ಸೈನ್ಯ ಬಂದ ಮೇಲೆ ತಮ್ಮ ತಂದೆ ಹೊರಗೆ ಹೋದವರು ಬರಲಿಲ್ಲ ಅಂದರು. ಕೂತವರಲ್ಲಿ ಹುಡುಗರು ಎದ್ದು ನಿಂತು ವಾದಕ್ಕಿಳಿದರು. ಆ ಇಬ್ಬರು ಮುದುಕರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಾ ಸುಮ್ನೆ ಕೂತಿದ್ದರು. ನಾನು ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದೆ. ಎರಡನ್ನೂ ಕೇಳುವಷ್ಟು ನಮ್ಮ ಬುತ್ತಿ ಇನ್ನೂ ಗಟ್ಟಿಯಾಗಿಲ್ಲ.

ಗಟ್ಟಿಯಾದದ್ದು ಎಷ್ಟು ಅಂತ ಗೊತ್ತಾದದ್ದು 2023ರಲ್ಲಿ. ಆ ಸಲ ಗಣೇಶನನ್ನು ಕಳಿಸುವ ಅನಂತ ಚತುರ್ದಶಿ, ಈದ್ ಮಿಲಾದ್ ಎರಡೂ ಸೆಪ್ಟೆಂಬರ್ 28ಕ್ಕೇ ಬಂದಿದ್ದವು. ಅದಕ್ಕೆ ಎರಡು ದಿನ ಮುಂಚೆ ಒಬ್ಬ ಹುಡುಗ ಎಲ್ಲಿಯದೋ ವಿಡಿಯೋ ತನ್ನ ಸ್ಟೇಟಸ್‌ಗೆ ಹಾಕಿದ. ರಾತ್ರಿ ಒಂಬತ್ತಕ್ಕೆ ಅವನ ಮನೆ ಮುಂದೆ ಪಕ್ಕದ ಓಣಿಯ ಮೂವತ್ತು ನಲವತ್ತು ಮಂದಿ. ನಾವು ಬಳಗದವರು ಮುಟ್ಟುವ ಹೊತ್ತಿಗೆ ಅಲ್ಲಿ ಒಬ್ಬ ಅಜ್ಜಿ ಬಾಗಿಲಿಗೆ ಅಡ್ಡ ಕೂತುಬಿಟ್ಟಿದ್ದರು. ಅವರು ಪಕ್ಕದ ಓಣಿಯವರೇ. ಹುಡುಗನ ಅಜ್ಜಿಯೂ ಇವರೂ ನಾಲ್ಕೈದು ಅಮಾವಾಸ್ಯೆ ಚೀಟಿ ಹಿಡಿದು ಪಕ್ಕ ಪಕ್ಕ ಕೂತವರು. "ಆ ಮುದುಕಿ ಪಿಂಚಣಿ ಈಗ ಬಂದಾದ. ನಡೀರಿ ಮನಿಗೆ" ಅಂತ ತಮ್ಮ ಓಣಿಯ ಹುಡುಗರನ್ನೇ ಬೈಯುತ್ತಿದ್ದರು. ಪಿಂಚಣಿಗೂ ವಿಡಿಯೋಗೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಜನ ಚದುರಿದರು. ಹುಡುಗ ಸ್ಟೇಟಸ್ ತೆಗೆದ. ಮರುದಿನ ಮೇಷ್ಟ್ರು ಅಂಗಡಿಗೆ ಬಂದು, ಏನೂ ಮಾತಾಡದೆ, ಎರಡು ರೀಮ್ ಪೇಪರ್ ಟೇಬಲ್ ಮೇಲೆ ಇಟ್ಟು ಹೋದರು.

ದುಡ್ಡಿನ ಮಾತು. ಈಗ ತಿಂಗಳ ಖರ್ಚು ಆರುನೂರು ಏಳುನೂರು. ಚಹಾ, ಮೊಸರು, ಪೇಪರ್, ಇಂಕು. ಬುಟ್ಟಿ ಪಕ್ಕ ಡಬ್ಬಿ ಇದೆ. ಅದರಲ್ಲಿ ಮುನ್ನೂರು ನಾಲ್ಕುನೂರು ಬೀಳುತ್ತದೆ, ಉಳಿದದ್ದು ನಮ್ಮದು. ಒಮ್ಮೆ ಮುಖಂಡರೊಬ್ಬರಿಂದ ಹತ್ತು ಸಾವಿರ ತೆಗೆದುಕೊಂಡೆವು. ಗೋದಾಮಿನ ಬಾಗಿಲಿಗೆ ಅವರ ಫೋಟೋದ ಫ್ಲೆಕ್ಸ್ ಬಂತು. ಮುಂದಿನ ಅಮಾವಾಸ್ಯೆಗೆ ಅರ್ಧ ಜನ ಇಲ್ಲ. ಉಳಿದ ಹಣ ವಾಪಸ್ ಕೊಟ್ಟು, ಫ್ಲೆಕ್ಸನ್ನು ಹತ್ತಿ ಅಂಡಿಗೆಗೆ ಹೊದಿಸಿದೆವು.

ಬಗೆಹರಿಯದ್ದು ಒಂದಿದೆ. ಬುತ್ತಿಯಲ್ಲಿ ಮಾಂಸದ ಅಡುಗೆ ಬೇಡ ಅಂತ ಮೊದಲೇ ಗೆರೆ ಹಾಕಿಕೊಂಡಿದ್ದೇವೆ. ಮೊಹರಂ ತಿಂಗಳಲ್ಲಿ ಚೊಂಗೆ ಅನ್ನುವ ಸಿಹಿ ತಿನಿಸು ಬರುತ್ತದೆ, ಎಲ್ಲರೂ ತಿನ್ನುತ್ತಾರೆ. ಅದಕ್ಕಿಂತ ಮುಂದೆ ಹೋಗಿಲ್ಲ. ನಮ್ಮ ಬಳಗದ ದಲಿತ ಹುಡುಗನೊಬ್ಬ ಕೇಳಿದ: "ಎಲ್ಲರೂ ಕೂಡಿ ಉಣ್ಣೋದು ಅಂತೀರಿ. ನಮ್ಮ ಊಟ ಮಾತ್ರ ಮನ್ಯಾಗ ಬಿಟ್ಟು ಬರಬೇಕೇನಣ್ಣ?" ನಾನು ಇನ್ನೊಂದು ವರ್ಷ ತಡೆ ಅಂದೆ. ಅವನು ಬರುವುದು ಬಿಟ್ಟ. ಮೂರು ತಿಂಗಳಾಯಿತು. ಅವನ ತಾಯಿ ಬರುತ್ತಾರೆ, ರೊಟ್ಟಿ ತಪ್ಪಿಸುವುದಿಲ್ಲ. ಕಳೆದ ಅಮಾವಾಸ್ಯೆಗೆ ಮಗನ ಜಾತಿ ಪ್ರಮಾಣಪತ್ರದ ಅರ್ಜಿ ತಂದಿದ್ದರು. ತುಂಬಿಸಿ ಇಟ್ಟುಕೊಂಡಿದ್ದೇನೆ. ಅವನೇ ಬಂದು ಸಹಿ ಹಾಕಬೇಕು ಅಂತ ಹೇಳಿ ಕಳಿಸಿದ್ದೇನೆ.