ನಮ್ಮ ಚರ್ಚಿನ ಗುಂಪಿನಲ್ಲಿ ಮಾತ್ರೆಯ ಮಾತೂ ನಡೆಯುತ್ತದೆ

ನನಗೆ ಬೈಪೋಲಾರ್ ಕಾಯಿಲೆ ಇದೆ, ಮನಸ್ಸು ಒಮ್ಮೆ ವಿಪರೀತ ಏರುತ್ತದೆ, ಒಮ್ಮೆ ಪೂರ್ತಿ ಕುಸಿಯುತ್ತದೆ. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ನಮ್ಮ ಕಥೋಲಿಕ ಚರ್ಚಿನಲ್ಲಿ ಮನಸ್ಸಿನ ಕಾಯಿಲೆ ಇರುವವರೇ ಸೇರುವ ಒಂದು ಚಿಕ್ಕ ಗುಂಪು ನಡೆಸುತ್ತೇನೆ. ನಾನು ಕೌನ್ಸೆಲರ್ ಅಲ್ಲ, ಸಿಸ್ಟರೂ ಅಲ್ಲ. ನನಗಿರುವ ಅರ್ಹತೆ ಅಂದ್ರೆ ಆ ಮಾತ್ರೆ ಡಬ್ಬಿ, ಅಷ್ಟೇ.

ಇಲ್ಲಿ ಯಾರೂ ಯಾರಿಗೂ ‘ಇನ್ನೂ ಜಾಸ್ತಿ ಪ್ರಾರ್ಥನೆ ಮಾಡಿ’ ಅನ್ನುವ ಹಾಗಿಲ್ಲ. ಅದನ್ನು ಕೇಳಿ ಕೇಳಿ ಸಾಕಾಗಿ ಬಂದವರೇ ಎಲ್ಲರೂ. ಹಾಗಂತ ದೇವರನ್ನು ಬಾಗಿಲ ಹೊರಗೆ ನಿಲ್ಲಿಸುವುದಿಲ್ಲ. ಬೈಬಲ್ ಓದುತ್ತೇವೆ, ಹೆಚ್ಚಾಗಿ ಪ್ರವಾದಿ ಎಲೀಯನ ಕಥೆ. ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ಎಬ್ಬಿಸಿ ಮತ್ತೆ ತಿನ್ನಿಸಿದ. ಇದನ್ನು ಓದಿದ ದಿನ ಮಾತು ತಾನಾಗಿ ಶುರುವಾಗುತ್ತದೆ.

ಡಾಕ್ಟರಿಗೂ ಫಾದರ್‌ಗೂ ಕೇಳಲು ಹಿಂಜರಿಯುವ ಪ್ರಶ್ನೆಗಳು ಇಲ್ಲಿ ಬರುತ್ತವೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಅಂದ್ರೆ ತಪಸ್ಸುಕಾಲ. ಅಂಥ ಒಂದು ತಪಸ್ಸುಕಾಲದಲ್ಲಿ ಒಬ್ಬ ಹುಡುಗ, “ಅಕ್ಕಾ, ಗುಡ್ ಫ್ರೈಡೇ ನೀರೂ ಮುಟ್ಟಲ್ಲ, ಹರಕೆ ಹೊತ್ತಿದೀನಿ” ಅಂದ. ಅವನೂ ಲಿಥಿಯಂ ಮೇಲಿದ್ದವನು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ತೊದಲು ಶುರುವಾದರೆ ಆಸ್ಪತ್ರೆಗೇ ಓಡಬೇಕು. “ಉಪವಾಸದ ಕಟ್ಟಳೆ 18ರಿಂದ 59 ವರ್ಷದವರಿಗೆ. ಕಾಯಿಲೆ ಇದ್ದವರಿಗೆ ಅದೂ ಇಲ್ಲ. ನೀರು ಬಿಡು ಅಂತ ಧರ್ಮಸಭೆ ಯಾರಿಗೂ ಹೇಳಿಲ್ಲ ಕಣೋ” ಅಂದೆ. ಡಾಕ್ಟರನ್ನು ಕೇಳದೆ ಊಟವನ್ನೂ ಬಿಡಬೇಡ ಅಂತ ಪಕ್ಕದಲ್ಲಿದ್ದ ಆಂಟಿ ಗದರಿಸಿದರು. ಕೊನೆಗೆ ಅವನು ಆ ದಿನ ಫೋನು ಬಿಟ್ಟ. ಉಪವಾಸಕ್ಕಿಂತ ಅದೇ ಕಷ್ಟ ಆಯ್ತಂತೆ.

ಇನ್ನೊಬ್ಬರಿಗೆ ಒಸಿಡಿ, ಬೇಡದ ಅನುಮಾನ ಪದೇ ಪದೇ ಕಾಡಿ ಮಾಡಿದ್ದನ್ನೇ ಮಾಡಿಸುವ ಕಾಯಿಲೆ. ಫಾದರ್ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆ ಮುಗಿಸಿ ಹೊರಗೆ ಬಂದ ಕೂಡಲೇ ಏನೋ ಹೇಳದೆ ಬಿಟ್ಟೆ ಅನ್ನಿಸಿ ಮತ್ತೆ ಸಾಲಿನಲ್ಲಿ ನಿಲ್ಲುತ್ತಿದ್ದರು. ಜೆಸ್ವಿಟ್ ಸಭೆ ಕಟ್ಟಿದ ಲೊಯೋಲಾದ ಸಂತ ಇಗ್ನಾಸಿಯವರಿಗೂ 1522ರಲ್ಲಿ ಸ್ಪೇನಿನ ಮಾನ್ರೇಸಾದಲ್ಲಿ ಇದೇ ಕಾಟ ಇತ್ತು, ಜೀವ ಕಳೆದುಕೊಳ್ಳೋಣ ಅನ್ನಿಸುವಷ್ಟು. ಅದನ್ನು ಕೇಳಿ ನಮ್ಮ ಗುಂಪಿನ ಇವರು ಮೊದಲ ಸಲ ನಕ್ಕರು. ಬೇರೆ ಬೇರೆಯವರ ಹತ್ತಿರ ಅಲ್ಲ, ಯಾವಾಗಲೂ ಅದೇ ಒಬ್ಬ ಫಾದರ್ ಬಳಿ ಹೋಗಿ, ಅವರು ಸಾಕು ಅಂದರೆ ಸಾಕು ಅನ್ನುವುದು ಹಳೆಯ ಸಲಹೆ. ಈಗ ಅದನ್ನು ಪಾಲಿಸುತ್ತಿದ್ದಾರೆ, ಚಿಕಿತ್ಸೆಯೂ ನಡೆದಿದೆ.

ರಾತ್ರಿ ಮಾತ್ರೆಯ ಮಂಪರಿಗೆ ಭಾನುವಾರ ಬೆಳಗಿನ ಬಲಿಪೂಜೆ (ಮಾಸ್) ತಪ್ಪುತ್ತದೆ ಅಂತ ಸಂಕಟಪಡುವವರು ಬಹಳ. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಜನರಿಗೆ ಇದು ಗೊತ್ತೇ ಇರಲ್ಲ.

ಗುಟ್ಟಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಫಾದರ್ ಕೇಳಿದರೂ ಹೇಳುವುದಿಲ್ಲ. ಆದರೆ ಇದು ಯಾವ ಕಾರಣಕ್ಕೂ ಗುಟ್ಟು ಬಿಡದ ಪಾಪನಿವೇದನೆಯೂ ಅಲ್ಲ. ಯಾರಾದರೂ ಪ್ರಾಣ ಕಳೆದುಕೊಳ್ಳುವ ಮಾತಾಡಿದರೆ ಸುಮ್ನೆ ಇರಲ್ಲ ಅಂತ ಮೊದಲ ದಿನವೇ ಹೇಳಿಬಿಡುತ್ತೇನೆ. ಅವರ ಜೊತೆ ಕೂತು ಅಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚುತ್ತೇವೆ. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಮನೆಯವರಿಗೆ ತಿಳಿಸುತ್ತೇವೆ. ತಡೆಯಲಾಗದಂತಿದ್ದರೆ ನಮ್ಮಲ್ಲಿ ಇಬ್ಬರು ಆಟೋ ಹತ್ತಿಸಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುತ್ತೇವೆ.