ಬೆಟ್ಟಕ್ಕೊಂದು ಕತ್ತಿ: ನನ್ನ ಅನುಭವ

ಮಳೆಗಾಲ ಮುಗಿಯುವ ಹೊತ್ತಿಗೆ ಶಿರಸಿ ಸೀಮೆಯ ಸೊಪ್ಪಿನ ಬೆಟ್ಟಗಳಲ್ಲಿ, ಅಂದರೆ ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡುಗುಡ್ಡಗಳಲ್ಲಿ, ಕಾಲುದಾರಿ ಕಾಣುವುದೇ ಇಲ್ಲ. ಲಂಟಾನ, ಕಮ್ಯುನಿಸ್ಟ್ ಎಂದು ಕರೆಯುವ ಕಳೆಗಿಡ, ಅವುಗಳ ಮೇಲೆ ಹಬ್ಬಿದ ಬಳ್ಳಿ ಎಲ್ಲ ಎದೆಮಟ್ಟ ಬೆಳೆದಿರುತ್ತವೆ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಸೀಮೆ ಇದು. ನೆತ್ತಿಗೆ ಹೋಗಬೇಕೆಂದರೆ ದಾರಿ ಸವರಿಕೊಂಡೇ ಹತ್ತಬೇಕು. ನಾನು ಕತ್ತಿ ಹಿಡಿಯಲು ಕಲಿತದ್ದು ಅದಕ್ಕಾಗಿ.

ಚಾರಣದ ಹುಮ್ಮಸ್ಸಿನಲ್ಲಿ ಕತ್ತಿ ಕೊಳ್ಳಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಅದನ್ನು ಒಯ್ಯುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಹೋಗಬಾರದು, ಆಯುಧವೆಂದರೆ ಅದರಲ್ಲಿ ಚಾಕುವೂ ಸೇರಿದೆ. ಸ್ವಂತ ಜಾಗ, ಇಲ್ಲವೇ ಮಾಲೀಕರು ಒಪ್ಪಿದ ತೋಟದ ಗುಡ್ಡ, ಇಷ್ಟಕ್ಕೇ ನನ್ನ ಕತ್ತಿ.

ಆರಿಸುವಾಗ ಎಲ್ಲರ ಕಣ್ಣು ಹೋಗುವುದು ಉದ್ದದ ಮೇಲೆ. ಆನ್‌ಲೈನಿನಲ್ಲಿ ಸಿಗುವ 18 ಅಂಗುಲದ ತೆಳು ಮಚ್ಚು ಹುಲ್ಲಿಗೆ, ಎಳೆ ದಂಟಿಗೆ ಚೆನ್ನಾಗಿ ಆಗುತ್ತದೆ. ಆದರೆ ಒತ್ತೊತ್ತಾದ ಲಂಟಾನದೊಳಗೆ ಅಷ್ಟುದ್ದದ ಅಲಗು ಬೀಸಲು ಜಾಗವೇ ಇರುವುದಿಲ್ಲ. ಕುಲುಮೆಯಲ್ಲಿ ಆಚಾರಿ ಹೇಳಿದ್ದೂ ಅದನ್ನೇ: "ಉದ್ದ ಬೇಡ ತಮಾ, ಕೈ ಸೋಲ್ತದೆ." ನಾನು ಮಾಡಿಸಿಕೊಂಡದ್ದು ಹನ್ನೊಂದು ಅಂಗುಲದ ಅಲಗು, ತುದಿ ಗಿಳಿಮೂಗಿನ ಹಾಗೆ ಬಾಗಿದ್ದು. ಆ ಕೊಕ್ಕು ಬಳ್ಳಿಯನ್ನು ಹತ್ತಿರಕ್ಕೆ ಎಳೆದು ಕೊಯ್ಯುತ್ತದೆ. ಕೊಯ್ದ ಮುಳ್ಳುಕೊಂಬೆಯನ್ನು ಕೈ ತಾಗಿಸದೆ ಬದಿಗೆ ಸರಿಸಲೂ ಅದೇ ಸಾಕು.

ಕಬ್ಬಿಣ ಲಾರಿಯ ಸ್ಪ್ರಿಂಗ್ ಪ್ಲೇಟಿನದು. ಕತ್ತಿಯ ಬಾಳಿಕೆ ನಿಂತಿರುವುದು ಹದದ ಮೇಲೆ, ಅಂದರೆ ಕಾಯಿಸಿ ತಣಿಸಿ ಕೊಟ್ಟ ಗಡಸಿನ ಮೇಲೆ. ಬಾಯಿ, ಅಂದರೆ ಕೊಯ್ಯುವ ಅಂಚು, ಗಟ್ಟಿಯಾಗಿರಬೇಕು, ಬೆನ್ನು ಸ್ವಲ್ಪ ಮೆದುವಾಗಿಯೇ ಉಳಿಯಬೇಕು. ಅದನ್ನು ನೋಡಲು ನಾನು ಕಬ್ಬಿಣ ಉಜ್ಜುವ ಒಂದು ಸಣ್ಣ ಅರ ಇಟ್ಟುಕೊಂಡಿರುತ್ತೇನೆ. ಬಾಯಿಗೆ ಒಮ್ಮೆ ಎಳೆದಾಗ ಅರ ಹಿಡಿಯದೆ ಜಾರಿಹೋದರೆ ಹದ ಹೆಚ್ಚಾಗಿದೆ, ಗಂಟು ಕಟ್ಟಿಗೆಗೆ ಹೊಡೆದರೆ ಬಾಯಿ ಹಲ್ಲು ಬೀಳುತ್ತದೆ. ಹಸಿ ಕಬ್ಬಿಣದಂತೆ ಅರ ಒಳಕ್ಕಿಳಿದರೆ ಬಾಯಿ ಬೇಗ ಮಡಚಿಕೊಳ್ಳುತ್ತದೆ. ತುಸು ಕಚ್ಚಿ ಬಿಟ್ಟರೆ ಧೈರ್ಯವಾಗಿ ಕೊಳ್ಳಬಹುದು. ಹಿಡಿ ಮುಷ್ಟಿಯಲ್ಲಿ ತುಂಬಿಕೊಳ್ಳಬೇಕು, ಅದರ ತುದಿ ಉಬ್ಬಿರಬೇಕು. ಬೆವರಿದ ಕೈಯಿಂದ ಕತ್ತಿ ಜಾರದಂತೆ ತಡೆಯುವುದು ಆ ಉಬ್ಬೇ.

ಬೀಸುವುದಕ್ಕಿಂತ ಮೊದಲು ಕಾಲು ಎಲ್ಲಿದೆ ನೋಡಿಕೊಳ್ಳಬೇಕು. ಬಲಗೈಯಲ್ಲಿ ಬೀಸಿದ ಅಲಗು ತಪ್ಪಿದರೆ ಎಡ ಮೊಣಕಾಲಿನ ಕಡೆಗೇ ಬರುವುದು, ಆದ್ದರಿಂದ ಎಡಗಾಲು ಹಿಂದೆ. ಎಡಗೈಯಲ್ಲಿ ಕೊಕ್ಕೆಕೋಲು ಹಿಡಿದು ಗಿಡವನ್ನು ಬಾಗಿಸಿ, ಬಾಗಿದ ಹೊರಮೈಗೆ ಓರೆಯಾಗಿ ಹೊಡೆದರೆ ಹೆಬ್ಬೆರಳು ಗಾತ್ರದ ಕಾಂಡ ಒಂದೇ ಏಟಿಗೆ ಬೀಳುತ್ತದೆ. ಬಿದಿರಿನ ಹತ್ತಿರ ಮಾತ್ರ ಇದು ಬೇಡ, ಬಾಗಿದ ಬಿದಿರು ಸಿಡಿದು ಮುಖಕ್ಕೆ ಬರುತ್ತದೆ. ಏಟು ಯಾವಾಗಲೂ ನೆಲಕ್ಕೆ ಹತ್ತಿರ ಬೀಳಲಿ. ಮೊಣಕಾಲೆತ್ತರದಲ್ಲಿ ಓರೆ ಕಡಿದು ಬಿಟ್ಟ ಕೂಳೆ ಹಿಂದೆ ಬರುವವರಿಗೆ ಶೂಲವೇ. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಜೊತೆಗೆ ಬಂದವರು ಹಾಗೆ ಬಿಟ್ಟರೆ ಹಿಂದೆ ಕರೆದು ಕಡಿಸುತ್ತೇನೆ. ಜೊತೆಗಾರರು ನಾಲ್ಕು ಮಾರು ಹಿಂದಿರಬೇಕು. ಇಳಿಯುವಾಗ ಬೀಸುವುದೇ ಇಲ್ಲ. ಹತ್ತುವಾಗ ತಪ್ಪಿದ ಏಟನ್ನು ಎದುರಿನ ದರೆಯ ಮಣ್ಣುಗೋಡೆ ತಡೆಯುತ್ತದೆ, ಇಳಿಜಾರಿನಲ್ಲಿ ತಡೆಯಲು ಏನೂ ಇರುವುದಿಲ್ಲ.

ಹಳಬರು ಸೊಂಟದ ಹಿಂದೆ ಕತ್ತಿಕೊಕ್ಕೆಗೆ ಕತ್ತಿಯನ್ನು ಹಾಗೆಯೇ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಅದು ಬೆಟ್ಟದಲ್ಲೇ ಹುಟ್ಟಿ ಬೆಳೆದ ಕಾಲುಗಳಿಗೆ ಸರಿ. ಹೊಸಬರು ಜಾರಿ ಕುಳಿತರೆ ಅಲಗು ಬೆನ್ನಿಗೇ ಇರುತ್ತದೆ. ನಾನು ಅಡಿಕೆ ಹಾಳೆಯನ್ನು ನೆನೆಸಿ, ಎರಡು ಪದರ ಮಡಚಿ, ಅಂಚನ್ನು ದಪ್ಪ ದಾರದಲ್ಲಿ ಹೊಲಿದು ಒರೆ ಮಾಡಿಕೊಂಡಿದ್ದೇನೆ. ಹರಿದರೆ ಇನ್ನೊಂದು ಹಾಳೆ.

ಯಾವುದನ್ನು ಕಡಿಯಬಾರದೆಂದು ಕಲಿಯಲು ಬೀಸುವುದನ್ನು ಕಲಿತದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಲಂಟಾನ, ಕಮ್ಯುನಿಸ್ಟ್ ಹೊರಗಿನಿಂದ ಬಂದವು, ಎಷ್ಟು ಸವರಿದರೂ ನನಗೆ ಬೇಸರವಿಲ್ಲ. ಅವುಗಳ ಅಡಿಯಲ್ಲಿ ಮುರುಗಲು, ಉಪ್ಪಾಗೆ, ಹಲಸಿನ ಸಸಿಗಳು ಬೆಳಕಿಗಾಗಿ ಕಾದಿರುತ್ತವೆ, ದಾರಿಯನ್ನೇ ಅವುಗಳ ಸುತ್ತ ತಿರುಗಿಸುತ್ತೇನೆ. ಹೊಳಗೇರು ಮರದ ತಂಟೆಗಂತೂ ಹೋಗಲೇಬಾರದು. ಅದರ ಸೊನೆ ಸಿಡಿದರೆ ಮೈ ಊದಿ ಬೊಕ್ಕೆ ಏಳುತ್ತವೆ. ತೊಗಟೆಯ ಮೇಲೆ ಸೊನೆ ಇಳಿದು ಕಪ್ಪಾದ ಗೆರೆಗಳನ್ನೂ ಎಲೆಯ ತೊಟ್ಟಿನಲ್ಲಿರುವ ಮುಳ್ಳಿನಂಥ ಪುಟ್ಟ ಮೊನೆಗಳನ್ನೂ ನೋಡಿ ಗುರುತು ಹಿಡಿಯಬಹುದು. ಹೊಸ ಬೆಟ್ಟಕ್ಕೆ ಹೋದಾಗ ಆ ಊರಿನವರೊಬ್ಬರಿಂದ ಅದನ್ನು ತೋರಿಸಿಕೊಂಡೇ ಮುಂದೆ ಹೆಜ್ಜೆ ಇಡುತ್ತೇನೆ.

ಮನೆಗೆ ಬಂದ ಮೇಲೆ ಸೊನೆ ತೊಳೆದು ಒರೆಸಿ, ಮಸೆಯುವ ಮರದ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಎರಡೂ ಮಗ್ಗುಲು ಮಸೆಯುತ್ತೇನೆ. ಉಗುರಿನ ಮೇಲೆ ಮೆಲ್ಲಗೆ ಇಟ್ಟಾಗ ಜಾರದೆ ನಿಂತರೆ ಸಾಕು, ಅದಕ್ಕಿಂತ ತೆಳುವಾದ ಬಾಯಿ ಕಟ್ಟಿಗೆಗೆ ತಡೆಯುವುದಿಲ್ಲ. ಕೊನೆಗೆ ಕೊಬ್ಬರಿ ಎಣ್ಣೆ ಸವರಿ ಒರೆಯಿಂದ ಹೊರಗೇ ತೂಗುಹಾಕುತ್ತೇನೆ, ಹಾಳೆಯ ತೇವಕ್ಕೆ ಅಲಗು ತುಕ್ಕು ಹಿಡಿಯುತ್ತದೆ.